ಇಲಿಯ ಜಠರ ದಾಟದ ಬಾಳೆಕಾಯಿ

ನೆದರ್‌ಲೆಂಡ್ಸ್‌ನ ಹೀರನ್‌ವೇನ್ ಪಟ್ಟಣದ ಔಷಧ ಅಂಗಡಿಯೊಂದರ ಲೇಹ್ಯ ಹೊಟ್ಟೆಹುಣ್ಣಿಗೆ ಹೆಸರುವಾಸಿಯಾಗಿತ್ತು. ಅದರಲ್ಲಿದ್ದುದು ಜೇಷ್ಠಮಧುವಿನ ಗಟ್ಟಿ ರಸ. ರೆವೆರ್ಸ್ ಎಂಬ ವೈದ್ಯರು ರೋಗಿಗಳಿಗೆ ಕೊಟ್ಟು ನೋಡಿದಾಗ ಹುಣ್ಣು ಮಾಯಿತು. ಜೊತೆಗೆ ಸುಮಾರು ಐವರಲ್ಲಿ ಒಬ್ಬರಿಗೆ ಮುಖ, ಕೈಕಾಲು ಬಾತುಕೊಂಡಿತು. 1946ರಲ್ಲಿ ಅವರು ಗುಣವನ್ನೂ ದೋಷವನ್ನೂ ಒಟ್ಟಿಗೇ ಬರೆದು ಪ್ರಕಟಿಸಿದರು.

ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುವ ಬೇರೂ ಇದೇ ಕುಲದ್ದು. ಆಯುರ್ವೇದದಲ್ಲಿ ಇದು ಯಷ್ಟಿಮಧು. ಗಂಟಲು ಕೆರೆತದಿಂದ ಎದೆಯುರಿಯವರೆಗೆ ಮನೆಮದ್ದು. ಬ್ರಿಟನ್ನಿನ ರಸಾಯನಶಾಸ್ತ್ರಜ್ಞರು ಇದರ ಸಾರದಿಂದ ಕಾರ್ಬೆನಾಕ್ಸೊಲೋನ್ ತಯಾರಿಸಿದರು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ರಿಚರ್ಡ್ ಡಾಲ್ ಅವರೇ ಇದನ್ನು ರೋಗಿಗಳಲ್ಲಿ ಪರೀಕ್ಷಿಸಿ, 1962ರಲ್ಲಿ ಜಠರದ ಹುಣ್ಣು ಬೇಗ ಮಾಯುತ್ತದೆಂದು ವರದಿ ಮಾಡಿದರು. ಆಮ್ಲದಿಂದ ಜಠರದ ಒಳಪೊರೆಯನ್ನು ಕಾಯುವುದು ಅದರ ಮೇಲಿನ ಲೋಳೆ. ಈ ಮದ್ದು ಆ ಲೋಳೆಯನ್ನು ಹೆಚ್ಚಿಸುತ್ತಿತ್ತು. ಬಾವಿನ ಗುಟ್ಟು ಮೂತ್ರಪಿಂಡದಲ್ಲಿತ್ತು. ಅಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಜೇಷ್ಠಮಧು ತಡೆಯುತ್ತದೆ. ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತವೆ, ಪೊಟ್ಯಾಸಿಯಂ ಸೋರಿಹೋಗುತ್ತದೆ, ರಕ್ತದೊತ್ತಡ ಏರುತ್ತದೆ. 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಆಮ್ಲ ತಗ್ಗಿಸುವ ಸಿಮೆಟಿಡಿನ್ ಮಾತ್ರೆ ಬಂದ ಮೇಲೆ ಕಾರ್ಬೆನಾಕ್ಸೊಲೋನ್ ಹಿಂದೆ ಸರಿಯಿತು.

ಒಂದು ಬೇರಿನ ಗುಣದೋಷ ಇಷ್ಟು ಸ್ಪಷ್ಟವಾಗಿ ತಿಳಿದದ್ದು ಮನುಷ್ಯರ ಮೇಲೆ ಅಳೆದು ನೋಡಿದ್ದರಿಂದ. ನಾವು ಎಡವಿರುವುದು ಇಲ್ಲೇ.

ಬಾಳೆಕಾಯಿಯನ್ನೇ ನೋಡಿ. ಅದರ ಒಣಪುಡಿ ಇಲಿಗಳ ಜಠರವನ್ನು ಹುಣ್ಣಿನಿಂದ ಕಾಯುತ್ತದೆಂದು 1960ರ ದಶಕದಲ್ಲೇ ಬನಾರಸ್‌ನ ಸಂಶೋಧಕರು ಕಂಡುಕೊಂಡಿದ್ದರು. 1984ರಲ್ಲಿ ಬ್ರಿಟನ್ನಿನ ತಂಡವೊಂದು ಆಸ್ಪಿರಿನ್ ಕೊಟ್ಟು ಹುಣ್ಣಾಗಿಸಿದ ಇಲಿಗಳಲ್ಲಿ ಅದನ್ನು ದೃಢಪಡಿಸಿತು. ಮುಂದೆ ಅದೇ ಕಾಯಿಯಿಂದ ಲ್ಯೂಕೋಸಯನಿಡಿನ್ ಎಂಬ ಸಂಯುಕ್ತವನ್ನು ಬೇರ್ಪಡಿಸಲಾಯಿತು. ಇಷ್ಟಾದರೂ ಬಾಳೆಕಾಯಿ ಹುಣ್ಣಿನ ಔಷಧವಾಗಿ ರೂಪುಗೊಳ್ಳಲೇ ಇಲ್ಲ. ಹಿತ್ತಲ ಗಿಡದ ಬಗ್ಗೆ ಹೆಮ್ಮೆಪಡುವ ದೇಶಕ್ಕೆ ಇದು ದೊಡ್ಡ ನಷ್ಟ.

ಬೇರೆಯವರು ಈ ದಾರಿಯನ್ನು ಕೊನೆತನಕ ನಡೆದಿದ್ದಾರೆ. ದಕ್ಷಿಣ ಕೊರಿಯಾ ಆರ್ಟಿಮಿಸಿಯಾ ಗಿಡದ ಸಾರವನ್ನು ಜಠರದ ಉರಿಯೂತಕ್ಕೆ ವೈದ್ಯರು ಬರೆದುಕೊಡುವ ಮಾತ್ರೆಯಾಗಿಸಿದೆ. ಥಾಯ್ಲೆಂಡಿನ ನಾಟಿಮದ್ದಾದ ಪ್ಲಾವ್‌ನೋಯ್ ಗಿಡದಿಂದ ಜಪಾನಿನ ಕಂಪನಿ ಪ್ಲಾನೊಟಾಲ್ ಎಂಬ ಹುಣ್ಣಿನ ಔಷಧ ಮಾಡಿತು. ನಮ್ಮಲ್ಲಿ ಪ್ರಬಂಧಗಳಿಗೆ ಬರವಿಲ್ಲ. ಇಲಿಗೆ ಆಲ್ಕೋಹಾಲ್ ಕುಡಿಸಿ, ಎಲೆಯ ಕಷಾಯ ಕೊಟ್ಟು, ಹುಣ್ಣು ಎಣಿಸಿ ಮುಗಿಸುವಂಥವೇ ಹೆಚ್ಚು. ಆದರೆ ಮನುಷ್ಯರಲ್ಲಿ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಗ್ರೀಸಿನ ಮ್ಯಾಸ್ಟಿಕ್ ಅಂಟು ಗಾಜಿನ ತಟ್ಟೆಯಲ್ಲಿ ಆ ಬ್ಯಾಕ್ಟೀರಿಯಾವನ್ನು ಕೊಂದಿತೆಂಬ 1998ರ ವರದಿ ಜಗತ್ತಿನಾದ್ಯಂತ ಸುದ್ದಿಯಾಯಿತು. ನಂತರದ ಕೆಲವು ಸಣ್ಣ ಪರೀಕ್ಷೆಗಳಲ್ಲಿ ರೋಗಿಗಳ ಹೊಟ್ಟೆಯಿಂದ ಅದನ್ನು ಓಡಿಸಲು ಆಗಲಿಲ್ಲ.

ಆಯುಷ್ ಸಚಿವಾಲಯದ ಹಣ ಇನ್ನಾದರೂ ಇಲಿಗಳಿಂದ ಎಂಡೊಸ್ಕೋಪಿ ಕೊಠಡಿಗಳತ್ತ ಹರಿಯಬೇಕು. ಬಾಳೆಕಾಯಿಯಂಥ ಕೆಲವನ್ನೇ ಆರಿಸಿ, ಇಂದಿನ ಮಾತ್ರೆಗಳ ಪಕ್ಕದಲ್ಲಿಟ್ಟು ತೂಗಲಿ. ಅಲ್ಲಿಯವರೆಗೆ ಬಿ.ಪಿ. ಮಾತ್ರೆ ನುಂಗುವವರು ದಿನವೂ ಜೇಷ್ಠಮಧು ಸೇವಿಸುವುದು ಬೇಡ. ಮಲ ಡಾಂಬರಿನಂತೆ ಕಪ್ಪಾದರೆ ಯಾವ ಕಷಾಯಕ್ಕೂ ಕಾಯದೆ ಆಸ್ಪತ್ರೆಗೆ ಹೋಗಿ. ಅದು ಹುಣ್ಣಿನಿಂದ ರಕ್ತ ಸೋರುತ್ತಿರುವ ಲಕ್ಷಣವಾಗಿರಬಹುದು.