ಶಿಲೆಯೊಳಗಿನ ಶ್ಲೇಷೆ

ಕಮಲಾಪುರದ ವಾಚಕರೊಬ್ಬರ ಪತ್ರವು ಈ ತಿಂಗಳ ಬರಹಕ್ಕೆ ಕಾರಣವಾಯಿತು. ಅವರ ಅಜ್ಜನವರು ಹೈದರಾಬಾದಿನಿಂದ ತಂದ ಹಸಿರು ಛಾಯೆಯ ಶಿಲಾಪದಕವೊಂದು ಮನೆಯಲ್ಲಿರುವದಂತೆ. ಅದು ಚೀನದ್ದೆಂದು ಮನೆಯವರ ಮಾತು. ಅದರ ನಡುವೆ ದುಂಡಗಿನ ಅಕ್ಷರ, ಸುತ್ತಲೂ ಐದು ಬಾವಲಿಗಳು. ಬಾವಲಿ ಹೊಕ್ಕ ಮನೆ ಹಾಳೆಂದು ಹಿರಿಯರು ಅದನ್ನು ಬಾವಿಗೆ ಹಾಕಬೇಕೆನ್ನುತ್ತಿರುವರು. ಹಾಕಬಹುದೇ ಎಂಬದು ಪ್ರಶ್ನೆ.

ಸರ್ವಥಾ ಕೂಡದು.

ಪ್ರಾಣಿಯ ರೂಪದಿಂದ ಅದರ ಅರ್ಥವನ್ನು ತಿಳಿಯುವದು ನಮ್ಮ ರೂಢಿ. ಬೀದರ ಕೋಟೆಯ ಶರ್ಜಾ ದರವಾಜದ ಹುಲಿಗಳನ್ನು ಕಂಡವನಿಗೆ ವ್ಯಾಖ್ಯಾನ ಬೇಕಿಲ್ಲ. ಅರಸನ ಪರಾಕ್ರಮವು ತಾನಾಗಿ ತಿಳಿಯುವದು. ಚೀನದ ಶಿಲ್ಪಿಯಾದರೋ ಅನೇಕ ವೇಳೆ ಪ್ರಾಣಿಯನ್ನು ಅದರ ಹೆಸರಿಗಾಗಿಯೇ ಆರಿಸಿಕೊಂಡನು. ಅವರ ಭಾಷೆಯಲ್ಲಿ ಬಾವಲಿಯೂ ‘ಫು’, ಭಾಗ್ಯವೂ ‘ಫು’. ಲಿಪಿ ಬೇರೆ, ಉಚ್ಚಾರವೊಂದೇ. ಐದು ಬಾವಲಿಗಳೆಂದರೆ ಐದು ಭಾಗ್ಯಗಳು: ದೀರ್ಘಾಯುಷ್ಯ, ಐಶ್ವರ್ಯ, ಆರೋಗ್ಯ, ಸದ್ಗುಣಪ್ರೀತಿ, ಕಡೆಗೆ ಸುಖಮರಣ. (ಕಡೆಯದನ್ನು ನಾವೂ ದಿನವೂ ಬೇಡುವವರೇ.) ನಡುವಿನ ಅಕ್ಷರವು ಹೆಚ್ಚಾಗಿ ‘ಶೌ’ ಇದ್ದೀತು; ದೀರ್ಘಾಯುಷ್ಯವೆಂದೇ ಅದರ ಅರ್ಥ. ಮೀನು ‘ಯು’, ಮಿಕ್ಕುಳಿಯುವ ಸಂಪತ್ತೂ ‘ಯು’. ಜಿಂಕೆ ‘ಲು’, ರಾಜಸೇವೆಯ ಸಂಬಳವೂ ‘ಲು’.

ಇದು ನಮ್ಮ ಶ್ಲೇಷಾಲಂಕಾರವಲ್ಲದೆ ಮತ್ತೇನು? ‘ಹರಿ’ ಎಂಬೊಂದು ಶಬ್ದದಲ್ಲಿ ವಿಷ್ಣು, ಸಿಂಹ, ಕುದುರೆ, ಕೋತಿ, ಕಪ್ಪೆ ಎಲ್ಲವೂ ಅಡಗಿರುವದನ್ನು ಸಂಸ್ಕೃತ ಕಲಿಯುವ ಹುಡುಗನೂ ಬಲ್ಲನು. ನಮ್ಮ ಕವಿಗಳು ಶ್ಲೇಷೆಯನ್ನು ಪದ್ಯದಲ್ಲಿ ಕಟ್ಟಿದರು. ಅವರು ಕಲ್ಲಿನಲ್ಲಿ ಕೆತ್ತಿದರು. ಬಾವಲಿಯನ್ನು ನಮ್ಮ ಅಮರಸಿಂಹನೂ ಹಳಿಯಲಿಲ್ಲ. ‘ಅಜಿನಪತ್ರಾ’, ಅಂದರೆ ತೊಗಲೇ ರೆಕ್ಕೆಯಾದುದು, ಎಂದು ಹೆಸರಿಸಿ ಸುಮ್ಮನಾದನು.

ಎಲ್ಲ ಪ್ರಾಣಿಗಳೂ ಶ್ಲೇಷೆಯಿಂದ ಬಂದವಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಹಾನ್ ಅರಸರ ಕಾಲದಲ್ಲಿ, ಮೃತರ ನಾಲಗೆಯ ಮೇಲೆ ಜೇಡ್ ಶಿಲೆಯ ಜೀರುಂಡೆಯನ್ನಿಡುತ್ತಿದ್ದರು. ಬಹುಕಾಲ ಮಣ್ಣಿನಲ್ಲಿ ಹುದುಗಿದ್ದು, ಮೇಲೆ ಬಂದು ಪೊರೆ ಕಳಚಿ ಹಾರುವ ಕೀಟವದು. ಸತ್ತವನಿಗೂ ಹಾಗೆಯೇ ಆಗಲೆಂಬ ಹಾರೈಕೆ.

ಇನ್ನು ಪದಕದ ಬೆಲೆಯ ಮಾತು. ಉರ್ದು ಬಲ್ಲವರು ‘ಸಂಗೆ ಯಶಬ್’ ಎನ್ನುವ ಈ ಶಿಲೆಯು ಸಾಮಾನ್ಯ ಚಾಕುವಿಗಿಂತ ಗಟ್ಟಿ. ಆದರೂ ಗೀಚಿ ಪರೀಕ್ಷಿಸಬೇಡಿರಿ. ಮೆತ್ತಗಿನ ಬೇರೆ ಕಲ್ಲಾಗಿದ್ದರೆ ಗೀರು ಶಾಶ್ವತವಾದೀತು, ಗಟ್ಟಿಯಾಗಿದ್ದರೂ ವಯಸ್ಸು ತಿಳಿಯದು. ಬಾವಲಿಗಳ ಮಾದರಿ 1644ರಿಂದ 1912ರವರೆಗೆ ಆಳಿದ ಚಿಂಗ್ ಅರಸರ ಕಾಲದಲ್ಲಿ ಬಹು ಪ್ರಚಾರದಲ್ಲಿತ್ತು. ಇಂದಿಗೂ ಹೊಸದಾಗಿ ಕೆತ್ತುತ್ತಾರೆ. ಆದುದರಿಂದ ಕಲಬುರಗಿಯ ಪೇಟೆಯಲ್ಲಿ ಅವಸರದಿಂದ ಬೆಲೆ ಕಟ್ಟಿಸುವದಕ್ಕೆ ಮೊದಲು ಹೈದರಾಬಾದಿಗೆ ಹೋಗಿಬರುವದು ಲೇಸು. ಅಲ್ಲಿ 1951ರಲ್ಲಿ ತೆರೆದ ಸಾಲಾರ ಜಂಗ್ ವಸ್ತುಸಂಗ್ರಹಾಲಯದಲ್ಲಿ ಈ ಶಿಲೆಯ ವಸ್ತುಗಳಿಗೆಂದೇ ಒಂದು ವಿಭಾಗವಿದೆ. ಜಹಾಂಗೀರ ಬಾದಶಹನ ಕಠಾರಿಯೂ ಅದರಲ್ಲಿದೆ.