ಜೀನಿಗೊಂದು ಮರದ ಬೆನ್ನು

ಕುದುರೆಯನ್ನು ಸಾಕುವ ಮನೆಗಳು ಈಗ ವಿರಳ. ಆದರೂ ಸವಾರಿಯ ಹವ್ಯಾಸವುಳ್ಳವರಿಗೂ, ಹಿರಿಯರ ಕಾಲದ ಜೀನನ್ನು ಕಾಪಾಡಿಕೊಂಡು ಬಂದ ಗೃಹಸ್ಥರಿಗೂ ಒಂದು ತೊಡಕು ತಪ್ಪಿದ್ದಲ್ಲ: ಅದನ್ನು ಇಡುವುದೆಲ್ಲಿ? ನೆಲದ ಮೇಲೆ ಒರಗಿಸುವುದು, ಇಲ್ಲವೆ ಗೋಡೆಯ ಗೂಟಕ್ಕೆ ತೂಗುಹಾಕುವುದು ಸಾಮಾನ್ಯವಾದ ರೂಢಿ. ಇವೆರಡೂ ಜೀನಿಗೆ ಹಾನಿಕರ. ಕಡೆಗೆ ಅದರ ಫಲವನ್ನು ಉಣ್ಣತಕ್ಕದ್ದು ಮಾತು ಬಾರದ ಕುದುರೆ.

ಜೀನಿನ ಒಳಗೊಂದು ಗಟ್ಟಿಯಾದ ಚೌಕಟ್ಟು, ಅದರ ಕೆಳಗೆ ಎರಡು ಪಕ್ಕದಲ್ಲಿಯೂ ಮೆತ್ತೆ ಇರುತ್ತವೆ. ಸವಾರನ ಭಾರವು ಈ ಮೆತ್ತೆಗಳ ಮೂಲಕ ಬೆನ್ನಿನ ಇಕ್ಕೆಲಗಳಲ್ಲಿ ಹರಡಬೇಕು. ನಡುವಣ ಬೆನ್ನೆಲುಬಿಗೆ ಏನೂ ತಗಲಬಾರದು. ಗೂಟದ ಮೇಲೆ ತೂಗಿದ ಜೀನಿನ ಮೆತ್ತೆಯು ಒಂದೆಡೆ ತಗ್ಗಿ ಒಂದೆಡೆ ಉಬ್ಬುತ್ತದೆ. ಅದನ್ನು ಬಿಗಿದು ಏರಿದರೆ ಒಂದೇ ಕಡೆ ಒತ್ತು ಬಿದ್ದು ಕುದುರೆಯ ಬೆನ್ನು ಹುಣ್ಣಾಗುವುದು. ಆದುದರಿಂದ ಜೀನಿನ ಆಸರೆಯು ಕುದುರೆಯ ಬೆನ್ನಿನಂತೆಯೇ ಇರತಕ್ಕದ್ದು.

ಕಿರವತ್ತಿಯ ಸೀಮೆಯಲ್ಲಿ ಮರವೂ ಮರಗೆಲಸದವರೂ ದುರ್ಲಭವಲ್ಲ. ಹುಬ್ಬಳ್ಳಿ-ಅಂಕೋಲೆ ಹೆದ್ದಾರಿಯ ಮೇಲಿರುವ ಈ ಊರಿನಲ್ಲಿ ಅರಣ್ಯ ಇಲಾಖೆಯ ನಾಟಾ ಡಿಪೋ ಉಂಟು. ನೆರೆಯ ಕಲಘಟಗಿಯಂತೂ ಬಣ್ಣದ ತೊಟ್ಟಿಲುಗಳಿಗೆ ಹೆಸರಾದುದು. ತೊಟ್ಟಿಲಿಗೆ ಒದಗುವ ಸಾಗುವಾನಿಯೇ ಇದಕ್ಕೂ ಉತ್ತಮ. ಗೆದ್ದಲು ಬೇಗ ಹತ್ತದು, ತೇವಕ್ಕೆ ಬೇಗ ಸೊಟ್ಟಗಾಗದು. ಹಸಿಯ ಮರ ಬೇಡ. ಕಾಡಿನ ಮರಕ್ಕೆ ಕೈಯಿಕ್ಕುವುದೂ ಬೇಡ. ರಸೀದಿಯೊಡನೆ ಕೊಂಡು ಮನೆಗೆಲಸದಲ್ಲಿ ಉಳಿದ ತುಂಡುಗಳೇ ಸಾಕು.

ಮೊದಲು 1 ಅಂಗುಲ ದಪ್ಪದ ಎರಡು ಹಲಗೆಗಳನ್ನು ಮೇಲೆ 3 ಅಂಗುಲ, ಕೆಳಗೆ 13 ಅಂಗುಲ ಅಗಲ, 5 ಅಂಗುಲ ಎತ್ತರ ಬರುವಂತೆ ಕೊಯ್ಯಿರಿ. ಇವು ಮುಂದಿನ ಮತ್ತು ಹಿಂದಿನ ತಲೆಹಲಗೆಗಳು. ಪ್ರತಿಯೊಂದರ ಒಳಮೈಗೆ 2 ಅಂಗುಲ ಚೌಕದ, 30 ಅಂಗುಲ ಉದ್ದದ ಎರಡು ಕಾಲುಗಳನ್ನು ಜೋಡಿಸಿರಿ. ಕಾಲುಗಳು ಮೇಲೆ ಒಂದಕ್ಕೊಂದು ಸಮೀಪವಾಗಿದ್ದು, ಕೆಳಗೆ 18 ಅಂಗುಲದಷ್ಟು ಅಗಲಿರಬೇಕು. ನೆಲದಿಂದ ಆರು ಅಂಗುಲ ಮೇಲೆ ಪ್ರತಿ ಜೊತೆಗೊಂದು ಅಡ್ಡಪಟ್ಟಿ, ಎರಡು ಜೊತೆಗಳನ್ನು ಕೂಡಿಸಲು ಒಂದು ಉದ್ದಪಟ್ಟಿ ಹಾಕಿದರೆ ಅಲುಗಾಟ ತಪ್ಪುವುದು. ಬಳಿಕ 22 ಅಂಗುಲ ಉದ್ದ, 7 ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ಎರಡು ಹಲಗೆಗಳನ್ನು ಇಳಿಜಾರಿನ ಎರಡು ಪಕ್ಕಗಳಿಗೂ ಕೂಡಿಸಿರಿ. ಮೇಲೆ ನಡುವೆ ಉಳಿಯುವ ಬಿಡುವನ್ನು ಮುಚ್ಚಬಾರದು; ಬೆನ್ನೆಲುಬಿನ ಸ್ಥಾನವೂ ಗಾಳಿಯ ದಾರಿಯೂ ಅದೇ. ಒಟ್ಟು ಎತ್ತರ ಸುಮಾರು ಎರಡೂವರೆ ಅಡಿಯಾಗುವುದು.

ಹಿತ್ತಾಳೆಯ ತಿರುಪುಮೊಳೆಗಳನ್ನೇ ಬಳಸಿ, ಅವುಗಳ ತಲೆಯನ್ನು ಮರದೊಳಕ್ಕೆ ಇಳಿಸಿರಿ. ಕಬ್ಬಿಣವು ತೇವಕ್ಕೆ ತುಕ್ಕು ಹಿಡಿದು, ಹದಮಾಡಿದ ತೊಗಲಿನಲ್ಲಿ ಕರಿಯ ಕಲೆಯನ್ನು ಉಳಿಸುತ್ತದೆ. ಅಂಚುಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿರಿ. ಎಣ್ಣೆ ಹಚ್ಚಿದರೆ ಅದು ಪೂರ್ತಿ ಆರುವ ತನಕ ಜೀನನ್ನು ಇಡಕೂಡದು.

ಜೀನನ್ನು ಏರಿಸಿದ ಮೇಲೆ ಮುಂದಿನಿಂದ ಬಗ್ಗಿ ನೋಡಿರಿ. ನಡುವಣ ಸಂದಿನಲ್ಲಿ ಆಚೆಯ ಬೆಳಕು ಕಂಡರೆ ಕೆಲಸವು ಸರಿಯಾಯಿತು.

ಜೂನಿನಿಂದ ಸಪ್ಟೆಂಬರದವರೆಗಿನ ಮಳೆಯಲ್ಲಿ ಈ ಆಸರೆಯನ್ನು ಗೋಡೆಯಿಂದ ಒಂದು ಗೇಣು ದೂರವಿಡಿರಿ. ಬೂಸಲಿಗೆ ಹೆದರಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ಯುಕ್ತವಲ್ಲ. ಕಾವಿಗೆ ತೊಗಲು ಒಣಗಿ ಬಿರಿಯುವುದು. ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಮುಚ್ಚಿದರೆ ಬೆವರೂ ತೇವವೂ ಒಳಗೇ ಉಳಿಯುವುವು. ಸವಾರಿಯಾದೊಡನೆ ಬೆವರನ್ನು ಒರಸಿ, ನೆರಳಿನಲ್ಲಿ ಗಾಳಿಗೆ ಆರಿಸಿ, ಹತ್ತಿಯ ಬಟ್ಟೆಯನ್ನು ಸಡಿಲವಾಗಿ ಹೊದಿಸಿರಿ. ಮುಂದಿನ ಸವಾರಿಗೆ ಮುನ್ನ ಅಂಗೈಯಿಂದ ಎರಡೂ ಮೆತ್ತೆಗಳನ್ನು ತಡವಿ ನೋಡಿರಿ. ಗಂಟು ತಗ್ಗುಗಳು ಕೈಗೆ ತಿಳಿದರೆ ಅಂತಹ ಜೀನನ್ನು ಸರಿಮಾಡಿಸದೆ ಕುದುರೆಯ ಬೆನ್ನಿಗೆ ಏರಿಸಲಾಗದು.