ಪಾದದ ನಡುವಿನ ಸಂಧಿವಾತ: ಕೀಲು ಬೆಸೆಯಲು ಅಂಜಬೇಕೆ?

ಮೊಣಕಾಲು ನೋವಿಗೆ ಊರೆಲ್ಲ ಮದ್ದು ಹೇಳುತ್ತದೆ. ಪಾದದ ನಡುವಿನ ನೋವನ್ನು ಕೇಳುವವರು ಕಡಿಮೆ. ಬೆರಳುಗಳಿಗೂ ಹರಡಿಗೂ ನಡುವೆ ಇರುವ ಸಣ್ಣ ಕೀಲುಗಳು ವಯಸ್ಸಾದಂತೆ ಸವೆಯುತ್ತವೆ. ಹಳೆಯ ಪೆಟ್ಟು ಇದ್ದರೆ ಇನ್ನೂ ಬೇಗ. ಪಾದದ ಮೇಲೆ ಎಲುಬಿನ ಗಂಟು ಏಳುತ್ತದೆ, ಮೆಟ್ಟಿಲು ಹತ್ತುವಾಗ ಜೀವ ಹಿಂಡುತ್ತದೆ. ಅನಂತಪುರದ ಹಿರಿಯರು ಇದನ್ನು 'ವಾಯು' ಎಂದು ಹೇಳಿ ನೋವಿನ ಗುಳಿಗೆ ನುಂಗುತ್ತ ವರ್ಷಗಟ್ಟಲೆ ಕಳೆಯುತ್ತಾರೆ. ಆ ಗುಳಿಗೆಗಳು ಮೂತ್ರಪಿಂಡಕ್ಕೆ ಮಾಡುವ ಹಾನಿಗೆ ಹೋಲಿಸಿದರೆ ಶಸ್ತ್ರಚಿಕಿತ್ಸೆಯ ಭಯ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಮೊದಲ ದಿನವೇ ಮಿರಜಿಗೋ ಬೆಳಗಾವಿಗೋ ಓಡಬೇಕಿಲ್ಲ. ನಿಂತುಕೊಂಡು ತೆಗೆಸಿದ ಎಕ್ಸ್-ರೇ ಬೇಕು. ಮಲಗಿಸಿ ತೆಗೆದದ್ದರಲ್ಲಿ ಸವೆತ ಮರೆಯಾಗಬಹುದು. ತಳ ಬಾಗದ, ಮುಂದೆ ತುಸು ಮೇಲೆದ್ದ ಬೂಟು ಹಾಕಿ ಕೆಲವು ತಿಂಗಳು ನೋಡಬೇಕು. ಬೆಳಗಾವಿ ಜಿಲ್ಲೆಯೂ ಸೇರಿದಂತೆ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂತು. ಅಥಣಿ, ನಿಪ್ಪಾಣಿಗಳ ಆ ಕೈಗೆಲಸದ ಅಭಿಮಾನ ನನಗೂ ಉಂಟು. ಆದರೆ ಆ ಚಪ್ಪಟೆ ಮೆಟ್ಟು ಈ ಪಾದಕ್ಕಲ್ಲ.

ಇಷ್ಟಾದರೂ ನೋವು ತಗ್ಗದಿದ್ದರೆ ಕೀಲು ಬೆಸೆಯುವ ಶಸ್ತ್ರಚಿಕಿತ್ಸೆ ಇದೆ. ಸವೆದ ಮೃದ್ವಸ್ಥಿಯನ್ನು ಕೆರೆದು, ಎಲುಬುಗಳನ್ನು ಒತ್ತಿ ಹಿಡಿದು ಸ್ಕ್ರೂ, ಪ್ಲೇಟು ಹಾಕುತ್ತಾರೆ. ಎರಡೂ ಎಲುಬು ಒಂದಾದ ಮೇಲೆ ಅಲ್ಲಿ ಉಜ್ಜಾಟವಿಲ್ಲ, ನೋವೂ ಇಲ್ಲ. "ಕಾಲು ಕಟಗಿ ಆಗೂದಿಲ್ಲೇನ್ರಿ, ಡಾಕ್ಟರ?" ಎಂದು ಕೇಳುತ್ತಾರೆ. ಆಗುವುದಿಲ್ಲ. ಹೆಬ್ಬೆರಳಿನ ಕಡೆಯ ಮೂರು ಕೀಲುಗಳು ಮೊದಲೇ ಹೆಚ್ಚು ಅಲುಗಾಡುವವಲ್ಲ; ಕಿರುಬೆರಳ ಕಡೆಯ ಎರಡು ಬಾಗಬೇಕಾದ್ದರಿಂದ ಅವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹರಡು ಎಂದಿನಂತೆಯೇ ಮಡಚುತ್ತದೆ.

ನಿಜವಾದ ಕಷ್ಟ ಆಮೇಲಿನದು. ಆರರಿಂದ ಎಂಟು ವಾರ ಆ ಕಾಲನ್ನು ನೆಲಕ್ಕೆ ಊರುವಂತಿಲ್ಲ. ಊರಿದರೆ ಎಲುಬು ಕೂಡದೆ ಮತ್ತೆ ಕೊಯ್ಯಬೇಕಾಗಬಹುದು. ಬೀಡಿ, ತಂಬಾಕು ಬಿಡದವರಲ್ಲೂ ಈ ಅಪಾಯ ಹೆಚ್ಚು. ತಂಬಾಕು ಬೆಳೆಯುವ ನಿಪ್ಪಾಣಿಯ ಸೀಮೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ, ನಗಲಿ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಗೆ ತಂದೇ ಮುಂದುವರಿಯಬೇಕು. ಅಂಥವರ ಪಾದ ಬಿಸಿಯಾಗಿ ಬಾತು, ನೋವು ಮಾತ್ರ ಕಡಿಮೆ ಇದ್ದರೆ ಅದು ಬೇರೆಯೇ ರೋಗವಿರಬಹುದು. ಒಂದು ದಿನವೂ ತಡಮಾಡದೆ ತೋರಿಸಿ.

ಆದ್ದರಿಂದ ತಜ್ಞರನ್ನು ಕಾಣುವ ಮೊದಲೇ ಮನೆಯವರು ಕೂತು ಮಾತಾಡಲಿ: ಬಚ್ಚಲಿಗೆ ಕರೆದೊಯ್ಯುವವರು ಯಾರು, ಕಮೋಡ್ ಕುರ್ಚಿ ಎಲ್ಲಿ ಸಿಗುತ್ತದೆ? ಕಬ್ಬಿನ ಕಟಾವಿನಲ್ಲಿ ಎಲ್ಲರೂ ಹೊಲದಲ್ಲಿರುವ ತಿಂಗಳು ಬೇಡ. ವಾಕರ್ ಹಿಡಿದು ಒಂಟಿಕಾಲಲ್ಲಿ ನಡೆಯುವುದನ್ನು ಅಜ್ಜಿ ಆಸ್ಪತ್ರೆಗೆ ಹೋಗುವ ಮುಂಚೆಯೇ ಕಲಿತಿರಲಿ.